ಬಿದಿರು ತಾತನ ಕಳೆದುಹೋದ ಪಟ್ಟಿ

ದೊಡ್ಡ ದೊಡ್ಡ ಪಂಡಿತರಿಗೂ ಗೊತ್ತಿಲ್ಲದ ಕತೆ ಇದು, ನನ್ನ ಹತ್ರ ಕೇಳಿ.

ಚೀನಾದಲ್ಲಿ ಹಿಂದೆ ಬಿದಿರಿನ ಪಟ್ಟಿಗಳ ಮೇಲೆ ಬರೆದು ದಾರದಲ್ಲಿ ಕಟ್ಟೋರು, ಅದೇ ಪುಸ್ತಕ. ಅಲ್ಲಿನ ಹಳೇ ಜ್ಞಾನಿಯೊಬ್ಬ ಬರೆದ ಅಂಥದ್ದೊಂದು ಪುಸ್ತಕ ಲೈಬ್ರರಿಯ ಗಾಜಿನ ಪೆಟ್ಟಿಗೇಲಿ ಒಂಟಿಯಾಗಿ ಬಿದ್ದಿತ್ತು. ನಡುವಿನ ಒಂದು ಪಟ್ಟಿ ಇರ್ಲಿಲ್ಲ. ಅದ್ರಲ್ಲಿ ಏನಿತ್ತು ಅಂತ ಪುಸ್ತಕಕ್ಕೇ ಮರೆತೋಗಿತ್ತು. ಪುಡಿಯಾಗೋದ್ರೊಳಗೆ ಒಂದ್ಸಲ ಕೇಳ್ಬೇಕು ಅಂತ ಆಸೆ.

ಎದುರು ಕಪಾಟಿಗೆ ಆ ಪುಸ್ತಕದ್ದೇ ಎರಡು ಹೊಸ ಅನುವಾದಗಳು ಬಂದ್ವು.

"ಮಕ್ಕಳಾ, ನನ್ನ ಕಳೆದೋದ ಪಟ್ಟೀಲಿ ಏನಿತ್ತು?" ಅಂತು ಬಿದಿರು.

"ಸುಮ್ನಿರೋದೇ ಸುಖ ಅಂತಿತ್ತು ತಾತ," ಅಂತು ದಪ್ಪದ್ದು.

"ಥೂ, ದುಡಿಯೋದೇ ಸುಖ ಅಂತಿತ್ತು!" ಅಂತು ಬಣ್ಣದ ರಟ್ಟಿನದು.

ಎರಡೂ ಕಿತ್ತಾಡ್ತಾ ಕೂತ್ವು. ತಾತನ ಕಡೆ ತಿರುಗಿ ನೋಡ್ಲಿಲ್ಲ.

ಆಗ ದಾರದ ಸಂದಿಯಿಂದ ಒಂದು ಕುಟ್ಟೆಹುಳ ಹೊರಗೆ ಬಂತು. "ತಾತಾ, ತಪ್ಪಾಯ್ತು. ಅದನ್ನ ತಿಂದೋನು ನಾನೇ."

"ಏನ್ ಬರೆದಿತ್ತೋ ಅದ್ರಲ್ಲಿ?"

"ನಂಗೆ ಓದಕ್ಕೆ ಬರಲ್ಲ. ಹಸಿವಾಗಿತ್ತು, ಹೊಟ್ಟೆ ತುಂಬ್ತು."

ಬಿದಿರು, "ನಿಜ ಹೇಳೋಕೆ ನೀನೊಬ್ಬನಾದ್ರೂ ಬಂದ್ಯಲ್ಲ. ಪಕ್ಕದ ಪಟ್ಟೀನೂ ತಿನ್ನು, ಬಿಟ್ಟು ಮಾತ್ರ ಹೋಗ್ಬೇಡ ಕಣೋ," ಅಂತು.