ಕೊಕ್ಕೆದಂಡದ ಮಮತೆ

ಹಳೆಯ ಕಾಲದ ಒಂದು ಕ್ರೈಸ್ತ ಮಠದಲ್ಲಿ, ಹಿರಿಯ ಸನ್ಯಾಸಿನಿಯ ಅಧಿಕಾರದಂಡ ಗೋಡೆಗೊರಗಿ ನಿಂತಿತ್ತು. ಅದರ ತಲೆಯಲ್ಲಿ ಕೊಕ್ಕೆ, ಬುಡದಲ್ಲಿ ಕಬ್ಬಿಣದ ಮೊಳೆ. ಕೊಕ್ಕೆಯ ಸುರುಳಿಯೊಳಗೆ ಮೂಳೆಯಲ್ಲಿ ಕೆತ್ತಿದ ಒಂದು ಪುಟ್ಟ ಕುರಿಮರಿ. ಎದುರು ಗೋಡೆಯ ಮೇಲೆ ಕುಂಚವೊಂದು ಆ ದಂಡದ ಚಿತ್ರ ಬರೆಯುತ್ತಿತ್ತು.

ಮಠದ ಮಂದೆಯ ಕೆಂದಿ ಎಂಬ ಕುರಿ ಒಳಗೆ ಬಂತು. ಮಂದೆಯಲ್ಲಿ ಕುರಿಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು. ಯಾಕೆಂದು ಕೇಳಲು ಇಲ್ಲಿಗೆ ಬಂದಿದ್ದ ಅದರ ಅಕ್ಕನೂ ಹಿಂತಿರುಗಿರಲಿಲ್ಲ.

"ಬುದ್ಧೀ, ನಮ್ಮಕ್ಕ ಎಲ್ಲಿ? ನೀವು ಕುರಿ ಕಾಯುವ ಕೋಲಂತಲ್ಲ?"

"ಹೌದು. ದಾರಿ ತಪ್ಪಿದವರನ್ನು ಎಳೆದು ತರಲು ನನಗೆ ಕೊಕ್ಕೆ ಇದೆ."

"ಕೆಳಗಿನ ಮೊಳೆ?"

"ಸೋಮಾರಿಗಳನ್ನು ತಿವಿಯಲು."

"ತೋಳವನ್ನು ಹೊಡೆಯಲು ಏನಿದೆ ಬುದ್ಧೀ?"

ದಂಡದ ಕೊಕ್ಕೆ ಮೆಲ್ಲಗೆ ಕೆಂದಿಯ ಕಡೆ ಬಾಗಿತು. ಸುರುಳಿಯೊಳಗಿನ ಮೂಳೆಯ ಮರಿ ಪಿಸುಗುಟ್ಟಿತು: "ಓಡೇ ಕೆಂದಿ! ನಾನೂ ಇದನ್ನೇ ಕೇಳಿದ್ದೆ. ನನ್ನ ಮೂಳೆಯಲ್ಲೇ ಈ ಮರಿಯನ್ನು ಕೆತ್ತಿದ್ದಾರೆ."

ಅದು ಅಕ್ಕನ ದನಿ! ಕೆಂದಿ ಬಾಗಿಲ ಕಡೆ ತಿರುಗುವಷ್ಟರಲ್ಲಿ ಕೊಕ್ಕೆ ಅದರ ಕುತ್ತಿಗೆಗೆ ಬಿತ್ತು.

"ಆಹಾ, ಎಂಥ ಮಮತೆ! ಹಾಗೇ ಅಪ್ಪಿಕೊಂಡಿರಿ ಸ್ವಾಮೀ," ಎಂದಿತು ಕುಂಚ. "ಏ ಕುರಿ, ಹಾಗೆ ಬಾಯಿ ಕಳೆಯಬೇಡ. ಚಿತ್ರ ಕೆಡುತ್ತದೆ."

ಆ ಚಿತ್ರ ಇವತ್ತಿಗೂ ಗೋಡೆಯ ಮೇಲಿದೆ. ಜನ ದಂಡಕ್ಕೆ ಕೈಮುಗಿದು ಹೋಗುತ್ತಾರೆ. ಕುರಿಯ ಕಣ್ಣನ್ನು ಮಾತ್ರ ಯಾರೂ ನೋಡುವುದಿಲ್ಲ.