ಹೊಳೆಯ ಮೆಟ್ಟಿಲು, ಅಡುಗೆಮನೆಯ ತೊಟ್ಟಿ

ಬೆಳಗ್ಗೆ ಎದ್ದು ಆಶ್ರಮದವರೆಲ್ಲ ಹೊಳೆಗೆ ಕೈಮುಗಿದರೆ, ದಾಮೋದರಯ್ಯ ಮೊದಲು ಮೊಬೈಲಿನಲ್ಲಿ ಡಾಲರಿನ ದರ ನೋಡುತ್ತಿದ್ದರು.

ಮೂವತ್ತು ವರ್ಷ ಹಡಗಿನಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಉಳಿಸಿದ್ದೆಲ್ಲ ಹೊರದೇಶದ ಷೇರುಗಳಲ್ಲಿತ್ತು. ಡಿವಿಡೆಂಡ್ ಬರುವುದು ಡಾಲರಿನಲ್ಲಿ, ಖರ್ಚು ರೂಪಾಯಿಯಲ್ಲಿ.

ಒಂದು ದಿನ ಅವರು ಓಡಿಬಂದರು. "ಅಜ್ಜಯ್ಯಾ, ರೂಪಾಯಿ ಬಿತ್ತು!"

"ಪಾಪ, ಪೆಟ್ಟಾಯಿತೇನಪ್ಪ?" ಎಂದರು ಗುರುಗಳು.

"ಬಿದ್ದರೆ ನನಗೆ ಒಳ್ಳೇದು. ಡಾಲರಿಗೆ ಜಾಸ್ತಿ ಸಿಗುತ್ತೆ. ಇನ್ನೆರಡು ರೂಪಾಯಿ ಬೀಳಲಿ, ಹಣ ತರಿಸಿ ಇವಳ ಕಣ್ಣಿನ ಪೊರೆ ತೆಗೆಸ್ತೀನಿ."

ಹೆಂಡತಿ ಕಮಲಾಕ್ಷಿ ಅಲ್ಲೇ ಅಕ್ಕಿ ಆರಿಸುತ್ತಿದ್ದರು. ಕಲ್ಲನ್ನು ಮೊರದಲ್ಲಿ ಬಿಟ್ಟು ಅಕ್ಕಿಯನ್ನೇ ಎಸೆಯುತ್ತಿದ್ದರು.

"ಹೋದ ವರ್ಷಾನೂ ಹೀಗೇ ಕಾದ್ರು ಅಜ್ಜಯ್ಯಾ. ಆಗ ಒಂದು ಕಣ್ಣಿಗಿತ್ತು. ಈಗ ಎರಡಕ್ಕೂ ಬಂದಿದೆ."

ಗುರುಗಳು ದಾಮೋದರಯ್ಯನವರ ಕೈಗೆ ಕೊಡ ಕೊಟ್ಟರು. "ಅಡುಗೆಗೆ ನೀರು ತಾ. ಅವಸರ ಬೇಡ. ಹೊಳೆ ಮೇಲಿನ ಮೆಟ್ಟಿಲಿಗೆ ಏರಿ ಬರಲಿ, ಆಮೇಲೆ ತುಂಬು."

ದಾಮೋದರಯ್ಯ ಕಾದರು. ಬಿಸಿಲೇರಿತು. ಹೊಳೆ ಏರಲಿಲ್ಲ. ಹೊಟ್ಟೆ ಚುರುಗುಟ್ಟಿ, ಖಾಲಿ ಕೊಡ ಹೊತ್ತು ಬಂದರೆ ಎಲೆ ಹಾಕಿಯಾಗಿತ್ತು. ಅನ್ನ ಹಬೆಯಾಡುತ್ತಿತ್ತು.

"ನೀರು ಎಲ್ಲಿಂದ ಬಂತು?"

ಗುರುಗಳು ಅಡುಗೆಮನೆಯ ಹಿಂದಿನ ಕಲ್ಲುತೊಟ್ಟಿ ತೋರಿಸಿದರು. "ಏರಿದ ದಿನ ಹೊಳೆ ಕೆಸರು, ಇಳಿದ ದಿನ ದೂರ. ಅದು ಒಲೆಗೆ ಗೊತ್ತಾಗಬಾರದು ಅಂತ ಇದು."

"ಹಾಗಾದರೆ ಎಲ್ಲಾ ನೀರನ್ನೂ ತೊಟ್ಟಿಗೇ ತಂದುಬಿಡಲೇ?"

"ಬಹಳ ದಿನ ಇಟ್ಟರೆ ತೊಟ್ಟಿಯ ನೀರು ಪಾಚಿ ಕಟ್ಟುತ್ತೆ. ಬೇಕಾದಷ್ಟು ತಾ. ಮಿಕ್ಕಿದ್ದು ಹರಿಯಲಿ."

ಕಮಲಾಕ್ಷಿ ಗಂಡನಿಗೆ ಸಾರು ಬಡಿಸಲು ಬಂದರು. ಸಾರು ಎಲೆಯ ಹೊರಗೆ, ನೆಲದ ಮೇಲೆ ಬಿತ್ತು. ದಾಮೋದರಯ್ಯ ಅರ್ಧ ಊಟಕ್ಕೇ ಎದ್ದರು.

ಆ ಮಧ್ಯಾಹ್ನವೇ, ಆ ಹೊತ್ತಿನ ದರಕ್ಕೇ, ಎರಡು ವರ್ಷದ ಖರ್ಚಿಗಾಗುವಷ್ಟು ಡಾಲರನ್ನು ರೂಪಾಯಿ ಮಾಡಿಸಿದರು. ಉಳಿದದ್ದನ್ನು ಇದ್ದಲ್ಲೇ ಬಿಟ್ಟರು. ಒಂದಾದ ಮೇಲೊಂದು ಎರಡು ಕಣ್ಣಿಗೂ ಆಪರೇಷನ್ ಆಯಿತು.

ಮೂರು ತಿಂಗಳ ಮೇಲೆ ಗಂಡ ಹೆಂಡತಿ ಆಶ್ರಮಕ್ಕೆ ಮರಳಿದರು. ದಾಮೋದರಯ್ಯ ಮೊದಲು ಹೊಳೆಗೆ ಕೈಮುಗಿದರು. ತಮ್ಮನ್ನು ಸಾಕಿದ ಕಡಲನ್ನೂ ನೆನೆದರು. ಕಣ್ಣು ತುಂಬಿತ್ತು.

"ಅಜ್ಜಯ್ಯಾ, ನಿಮ್ಮ ಗಡ್ಡ ಇಷ್ಟೊಂದು ಬೆಳ್ಳಗಿದೆಯಾ!" ಎಂದು ಕಮಲಾಕ್ಷಿ ನಕ್ಕರು.

"ನಿಮ್ಮ ಋಣ ದೊಡ್ಡದು ಅಜ್ಜಯ್ಯಾ," ಎಂದರು ದಾಮೋದರಯ್ಯ. ಆಮೇಲೆ, ಹುಟ್ಟುಗುಣ ಎಲ್ಲಿ ಹೋಗುತ್ತದೆ, ತಲೆ ಕೆರೆದುಕೊಂಡರು. "ಆದರೆ ನಾನು ತರಿಸಿದ ಮರುವಾರವೇ ರೂಪಾಯಿ ಮತ್ತೆ ಬಿತ್ತು. ಕಾದಿದ್ದರೆ ಇನ್ನಷ್ಟು ಸಿಗುತ್ತಿತ್ತು."

ಗುರುಗಳು ಕಮಲಾಕ್ಷಿಯತ್ತ ತಿರುಗಿದರು.

"ತಾಯೀ, ಹೊಳೆ ಇವತ್ತು ಎಷ್ಟು ಮೆಟ್ಟಿಲು ಇಳಿದಿದೆ? ನೀವೇ ನೋಡಿ ಹೇಳಿ."