ಕೊಟ್ಟಿಗೆಯಲ್ಲಿ ಕೆಮ್ಮಿದವಳು

"ಗುರುಗಳೇ, ಈ ದೇಹದ ಚಿಂತೆ ನನ್ನನ್ನು ಬಿಡುತ್ತಿಲ್ಲ. ಎದೆ ಸ್ವಲ್ಪ ಜೋರಾಗಿ ಹೊಡೆದುಕೊಂಡರೂ ಇನ್ನು ಮುಗಿಯಿತು ಅನ್ನಿಸುತ್ತದೆ. ತನ್ನ ಆರೋಗ್ಯವನ್ನು ತಾನು ನೋಡಿಕೊಳ್ಳುವುದು ತಪ್ಪೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಗಟ್ಟಿಮುಟ್ಟಾದ ಆಳು. ಅವನ ಅಣ್ಣ ಒಂದು ದಿನ ಊಟ ಮಾಡಿ ಕೈ ತೊಳೆಯಲು ಎದ್ದವನು ಅಲ್ಲೇ ಕುಸಿದು ಸತ್ತ. ಅಂದಿನಿಂದ ವ್ಯಾಪಾರಿಗೆ ಭಯ ಹಿಡಿಯಿತು. ಬೆಳಿಗ್ಗೆ ಎದ್ದರೆ ಕನ್ನಡಿಯಲ್ಲಿ ನಾಲಿಗೆ ನೋಡಿಕೊಳ್ಳುತ್ತಿದ್ದ. ತುತ್ತು ತುತ್ತಿಗೂ ಅನುಮಾನಪಡುತ್ತಿದ್ದ. ವೈದ್ಯರು ಬಂದು ನಾಡಿ ಹಿಡಿದು, ಏನೂ ಇಲ್ಲವೆಂದರೆ, ಏನೋ ಮುಚ್ಚಿಡುತ್ತಿದ್ದಾರೆಂದು ಮತ್ತಷ್ಟು ಹೆದರುತ್ತಿದ್ದ. ಕಡೆಗೆ ಅಂಗಡಿಗೆ ಹೋಗುವುದನ್ನೂ ಬಿಟ್ಟ.

ಹೆಂಡತಿ ಕಷಾಯ ಕಾಯಿಸುತ್ತಿದ್ದಳು, ಅವನ ಕಾಲು ಒತ್ತುತ್ತಿದ್ದಳು, ಅಂಗಡಿಯನ್ನೂ ನೋಡಿಕೊಳ್ಳುತ್ತಿದ್ದಳು. ಆಕೆಗೆ ಕೆಮ್ಮು ಶುರುವಾಗಿತ್ತು. ಕೆಮ್ಮಿನ ಸದ್ದು ಕೇಳಿದರೆ ಗಂಡ ಬೆವರುತ್ತಿದ್ದ. ಅದಕ್ಕೇ ಆಕೆ ಕೊಟ್ಟಿಗೆಗೆ ಹೋಗಿ ಕೆಮ್ಮಿ ಬರುತ್ತಿದ್ದಳು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಗಂಡ ಅದನ್ನು ನೋಡಲಿಲ್ಲ.

ಒಮ್ಮೆ ವೈದ್ಯರಿಗೆ ನೀರು ಕೊಡಲು ಆಕೆ ಕೈ ಚಾಚಿದಳು. ಅವರು ಲೋಟ ಬಿಟ್ಟು ಕೈಯನ್ನೇ ಹಿಡಿದರು. ನಾಡಿ ನೋಡಿದರು. ಆಮೇಲೆ, "ಯಜಮಾನರೇ, ನೀವು ಚೆನ್ನಾಗಿದ್ದೀರಿ. ಈ ತಾಯಿಗೆ ಮದ್ದು ಕೊಡುವ ಕಾಲ ಮೀರಿಹೋಗಿದೆ" ಎಂದರು.

ವ್ಯಾಪಾರಿ ಕೇಳಿದ: "ಅದು ಅಂಟುವ ಕಾಯಿಲೆಯೇ?"

ಹೆಂಡತಿ ಅದನ್ನು ಕೇಳಿಸಿಕೊಂಡಳು. ಮರುದಿನದಿಂದ ಕಷಾಯವನ್ನು ಅವನ ಕೋಣೆಯ ಹೊಸ್ತಿಲಿನಾಚೆಗೇ ಇಟ್ಟು ಹೋಗತೊಡಗಿದಳು. ಅವನೂ ಒಳಗೆ ಬಾ ಎನ್ನಲಿಲ್ಲ. ಒಂದು ಬೆಳಿಗ್ಗೆ ಅಲ್ಲಿ ಕಷಾಯ ಇರಲಿಲ್ಲ. ಅವನು ಕೂಗಿದ, ಬೈದ, ಕೊನೆಗೆ ತಾನೇ ಎದ್ದು ಹೋಗಿ ನೋಡಿದ. ಆಕೆ ಆರಿದ ಒಲೆಯ ಮುಂದೆ ಗೋಡೆಗೆ ಒರಗಿದ್ದಳು. ಮೈ ತಣ್ಣಗಾಗಿತ್ತು. ಅಷ್ಟು ದಿನಗಳ ಮೇಲೆ ಅವನು ಆಕೆಯನ್ನು ಮುಟ್ಟಿದ್ದು ಆಗಲೇ.

ವ್ಯಾಪಾರಿ ಇನ್ನೂ ಬಹಳ ವರ್ಷ ಬದುಕಿದ. ಯಾವ ಕಾಯಿಲೆಯೂ ಬರಲಿಲ್ಲ. ಭಯವೂ ಹೋಗಲಿಲ್ಲ. ಭಯವಾದಾಗ ಹೇಳಿಕೊಳ್ಳಲು ಮನೆಯಲ್ಲಿ ಇನ್ನೊಂದು ಜೀವ ಇರಲಿಲ್ಲ.

ಗುರುಗಳು ಕಥೆ ಮುಗಿಸಿದರು. ಶಿಷ್ಯನ ಕೈ ತಾನಾಗಿಯೇ ತನ್ನ ಎದೆಯ ಮೇಲೆ ಹೋಗಿತ್ತು. ಆಕೆಗೆ ಕೆಮ್ಮಿನ ಜೊತೆ ಬೇರೆ ಏನೇನು ಲಕ್ಷಣಗಳಿದ್ದವು ಎಂದು ಅವನು ಮೆಲ್ಲಗೆ ಕೇಳಿದ.

ಗುರುಗಳು ಹೇಳಿದರು: "ಆಕೆ ಬದುಕಿದ್ದಾಗ ಇದನ್ನು ಯಾರೂ ಕೇಳಲಿಲ್ಲ, ಮಗೂ."